ಶ್ವಾಸನಾಳದಲ್ಲಿ ಮಸಿ ಇರಲಿಲ್ಲ

ಶವ ಬಂದಾಗ ಅದರ ಎರಡೂ ಮುಷ್ಟಿಗಳು ಎದೆಯ ಮುಂದೆ ಎದ್ದು ನಿಂತಿದ್ದವು. ಮೊಣಕೈ ಮಡಚಿತ್ತು, ಮೊಣಕಾಲೂ ಮಡಚಿತ್ತು. ಎದುರಿಗಿದ್ದವನಿಗೆ ಇನ್ನೇನು ಹೊಡೆದೇಬಿಡುತ್ತೇನೆ ಎನ್ನುವ ಹಾಗೆ. ಶವಾಗಾರದ ಬಾಗಿಲಲ್ಲಿ ನಿಂತಿದ್ದ ಮೃತನ ಹೆಂಡತಿಯ ಅಣ್ಣ ಅದನ್ನು ಕಂಡವನೇ ಕೂಗಿದ.

"ಕಾಣಿ ಡಾಕ್ಟ್ರೆ, ಕೈ ಕಾಣಿ! ಹೊಡ್ದಾಡ್ದ ಹಾಂಗೇ ಇತ್ತ್. ಇದ್ ಆಕ್ಸಿಡೆಂಟ್ ಅಲ್ಲ, ಸಾಯ್ಸದ್ದ್!"

ಹಿಂದೆ ಅಂಗಳದಲ್ಲಿದ್ದ ಜನ ಆ ಮಾತನ್ನು ಅಲ್ಲಿಂದಲ್ಲಿಗೇ ಎತ್ತಿಕೊಂಡರು. ನಾನು ಬ್ರಹ್ಮಾವರದವಳು. ಇಲ್ಲಿಯ ಜನರಿಗೆ ಇಲ್ಲಿಯ ಮಾತಿನಲ್ಲೇ ಹೇಳಿದರೆ ಒಂದಿಷ್ಟಾದರೂ ಕಿವಿಗೆ ಬೀಳುತ್ತದೆ ಎಂಬುದು ಗೊತ್ತು.

"ಬೆಂಕಿ ಬಿಸಿಗೆ ಮಾಂಸ ಎಳ್ಕಂಡ್ರೆ ಎಲ್ಲರ್ ಕೈಯೂ ಹೀಂಗೇ ಆತ್ ಮಾರಾಯ್ರೆ. ಹೊಡ್ದಾಡಿ ಸತ್ತವ್ರದ್ದೂ ಆತ್, ನಿದ್ರೆಯಂಗೆ ಸತ್ತವ್ರದ್ದೂ ಆತ್. ಕೈ ಕಂಡ್ ಎಂತದೂ ಹೇಳುಕಾತಿಲ್ಲ."

ಅವನಿಗೆ ಸಮಾಧಾನವಾಗಲಿಲ್ಲ. ಬಾಗಿಲು ಹಾಕಿಸಿದೆ.

ಒಳಗೆ ಇನ್ಸ್‌ಪೆಕ್ಟರು ಕಾಯುತ್ತಿದ್ದರು. ಘಟ್ಟದ ಮೇಲಿನವರು, ಕುಂದಾಪುರಕ್ಕೆ ಬಂದು ಹೆಚ್ಚು ದಿನ ಆಗಿರಲಿಲ್ಲ, ಚುರುಕಿನ ಮನುಷ್ಯ. ಅವರು ಹೇಳಿದ್ದು ಇಷ್ಟು. ಸತ್ತವರು ಹಾಲಾಡಿ ಕಡೆಯ ಕೃಷಿಕ ಮನೆತನದ ಹಿರಿಯ ಮಗ, ಪುಣೆಯಲ್ಲಿ ಹೋಟೆಲು ನಡೆಸುವವರು, ರಜೆಗೆ ಊರಿಗೆ ಬಂದಿದ್ದರು. ಅವರ ತಂಗಿ ಮನೆಯವರ ಮಾತು ಮೀರಿ ಗಂಗೊಳ್ಳಿಯ ಮೀನುಗಾರರ ಮನೆಯ ಹುಡುಗನನ್ನು ಮದುವೆಯಾಗಿದ್ದಳು. ಅವನು ಅಲ್ಲಿಯ ಐಸ್ ಪ್ಲಾಂಟಿನಲ್ಲಿ ಯಂತ್ರ ನೋಡಿಕೊಳ್ಳುವವನು. ಮದುವೆಯ ನಂತರ ಎರಡೂ ಮನೆಗಳ ನಡುವೆ ಹೋಗಿ ಬರುವುದು ಇರಲಿಲ್ಲ. ಹಿಂದಿನ ದಿನ ಅಣ್ಣ ಒಬ್ಬರೇ ಕಾರಿನಲ್ಲಿ ಗಂಗೊಳ್ಳಿಗೆ ಹೋಗಿದ್ದರು. ಬಂದರಿನ ರಸ್ತೆಯಲ್ಲಿ ಅವರಿಗೂ ತಂಗಿಯ ಗಂಡನಿಗೂ ಜೋರು ಜಗಳವಾದದ್ದನ್ನು ಹತ್ತಾರು ಮಂದಿ ಕಂಡಿದ್ದರು. ಕಾರು ಹೊರಟಿತು. ಹಿಂದೆಯೇ ತಂಗಿಯ ಗಂಡ ಬೈಕು ಓಡಿಸಿಕೊಂಡು ಹೋದ. ಗುಲ್ವಾಡಿಯತ್ತ ಹೋಗುವ ಒಳರಸ್ತೆಯ ತಿರುವಿನಲ್ಲಿ ಕಾರು ಮೋರಿಯ ಕಲ್ಲುಗೋಡೆಗೆ ಗುದ್ದಿ ಉರಿಯುತ್ತಿತ್ತು. ಜನ ಓಡಿ ಬಂದಾಗ ಅಲ್ಲಿ ಮೊದಲೇ ಇದ್ದವನು ಆ ತಂಗಿಯ ಗಂಡ. ಅವನ ಎರಡೂ ಕೈ ಸುಟ್ಟಿತ್ತು.

"ಜಗಳ, ಬೆನ್ನಟ್ಟಿದ್ದು, ಸುಟ್ಟ ಕೈ. ಇನ್ನೇನು ಬೇಕು ಮೇಡಂ?" ಅಂದರು ಇನ್ಸ್‌ಪೆಕ್ಟರು.

"ಸಾವಿನ ಕಾರಣ ಬೇಕು," ಅಂದೆ.

ಮೊದಲು, ಇವರು ಅವರೇ ಹೌದೋ ಎಂದು ತಿಳಿಯಬೇಕಿತ್ತು. ಮುಖದಿಂದ ಗುರುತಿಸುವ ಹಾಗಿರಲಿಲ್ಲ. ಹಿಂದೆ ತೊಡೆಮೂಳೆ ಮುರಿದು ಒಳಗೆ ಸರಳು ಹಾಕಿಸಿಕೊಂಡಿದ್ದರು ಎಂದು ಮನೆಯವರು ಹೇಳಿದ್ದರಿಂದ ಹಳೆಯ ಎಕ್ಸ್‌ರೇ ತರಿಸಿದೆ. ನಮ್ಮಲ್ಲಿ ತೆಗೆದದ್ದನ್ನು ಪಕ್ಕದಲ್ಲಿಟ್ಟು ನೋಡಿದೆ. ಸರಳು ಅದೇ, ತಿರುಪುಗಳ ಜಾಗ ಅದೇ, ಮೂಳೆ ಸೊಟ್ಟಗೆ ಕೂಡಿಕೊಂಡ ರೀತಿಯೂ ಅದೇ. ಡಿಎನ್ಎ ಪರೀಕ್ಷೆಗೂ ಕಳಿಸಬೇಕು, ಆದರೆ ನನ್ನ ಮಟ್ಟಿಗೆ ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಬೆಂಕಿಯಲ್ಲಿ ಸುಟ್ಟ ಶವ ಸುಳ್ಳು ಹೇಳುವುದರಲ್ಲಿ ಬಲು ಜಾಣ. ಚರ್ಮ ಸೀಳಿ ಚೂರಿ ಗಾಯದ ಹಾಗೆ ಕಾಣುತ್ತದೆ. ತೊಡೆ, ಭುಜದ ಮೇಲೆ ಅಂಥ ಸೀಳುಗಳು ಇದ್ದವು. ಒಂದರ ಅಂಚಿನಲ್ಲೂ ರಕ್ತ ಇಂಗಿರಲಿಲ್ಲ. ಬಿಸಿಗೆ ಚರ್ಮ ಬಿರಿದದ್ದು. ತಲೆಬುರುಡೆಯಲ್ಲಿ ಬಿರುಕುಗಳಿದ್ದವು, ಒಳಗೆ ಮೂಳೆಗೆ ಅಂಟಿಕೊಂಡು ರಕ್ತದ ಗಡ್ಡೆ. ಇನ್ಸ್‌ಪೆಕ್ಟರು ಬಗ್ಗಿ ನೋಡಿ, "ತಲೆಗೆ ಹೊಡೆದಿದ್ದಾರೆ ಅಲ್ವಾ?" ಅಂದರು. ಆ ಗಡ್ಡೆಯನ್ನು ಮುರಿದು ತೋರಿಸಿದೆ. ಕಂದು ಬಣ್ಣ, ಒಳಗೆಲ್ಲ ಉದ್ದಿನ ದೋಸೆಯ ಮೈಯಂತೆ ಸಣ್ಣ ಸಣ್ಣ ತೂತು. ಏಟು ಬಿದ್ದು ಸೇರಿದ ರಕ್ತ ಹೀಗಿರುವುದಿಲ್ಲ. ಇದು ಮೂಳೆಯೊಳಗಿನ ರಕ್ತ ಬಿಸಿಗೆ ಕುದಿದು ಒಸರಿ ಗಟ್ಟಿಯಾದದ್ದು. ಮೆದುಳು ಹೊರತೆಗೆದಾಗ ಬುರುಡೆಯ ತಳದ ರಂಧ್ರದ ಅಂಚಿನಲ್ಲಿ ಮಾತ್ರ ಸ್ವಲ್ಪ ಬೇರೆ ಬಗೆಯ ರಕ್ತ ಕಂಡಿತು. ಕೊಯ್ಯುವಾಗಲೂ ಅಷ್ಟು ಬರುವುದುಂಟು. ಅದನ್ನು ಹೇಳಿ ಬರೆಸಿಕೊಂಡು ಮುಂದೆ ಹೋದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಉಸಿರಿನ ದಾರಿ. ಬೆಂಕಿ ಹತ್ತಿದಾಗ ಮನುಷ್ಯ ಉಸಿರಾಡುತ್ತಿದ್ದರೆ ಮಸಿ ಗಂಟಲಿನಿಂದ ಕೆಳಗಿಳಿದು ಶ್ವಾಸನಾಳದ ಗೋಡೆಗೆ ಅಂಟುತ್ತದೆ. ಹೊಗೆಯ ವಿಷ ಸೇರಿ ರಕ್ತ ಚೆರಿ ಹಣ್ಣಿನ ಕೆಂಪಿಗೆ ತಿರುಗುತ್ತದೆ. ನಾಳವನ್ನು ಉದ್ದಕ್ಕೆ ಸೀಳಿ ಬಿಡಿಸಿದೆ. ಒಳಗೆ ಬಿಳಿಚಾಗಿ, ಒದ್ದೆಯಾಗಿ, ಚೊಕ್ಕಟವಾಗಿತ್ತು. ಮಸಿಯ ಒಂದು ಕಣವೂ ಇಲ್ಲ. ಅನ್ನನಾಳದಲ್ಲೂ ಇಲ್ಲ. ರಕ್ತ ಕಪ್ಪುಗೆಂಪು.

"ಬೆಂಕಿ ಹತ್ತಿದಾಗ ಇವರು ಉಸಿರಾಡುತ್ತಿರಲಿಲ್ಲ," ಅಂದೆ.

ಇನ್ಸ್‌ಪೆಕ್ಟರ ಮುಖ ಬೆಳಗಿತು. "ಅಂದರೆ ಮೊದಲೇ ಸಾಯಿಸಿ, ಆಮೇಲೆ ಸುಟ್ಟಿದ್ದಾನೆ."

"ನಾನು ಹೇಳಿದ್ದು ಮೊದಲ ಅರ್ಧ ಮಾತ್ರ."

"ಎರಡನೇ ಅರ್ಧ ನಮ್ಮ ಕೆಲಸ ಮೇಡಂ," ಎಂದು ಫೋನು ತೆಗೆದುಕೊಂಡು ಹೊರಗೆ ಹೋದರು.

ನಾನು ಮತ್ತೆ ಎದೆಗೆ ಬಂದೆ. ಬಲ ಭುಜದಿಂದ ಎಡ ಸೊಂಟದ ತನಕ ಓರೆಯಾಗಿ ಒಂದು ಪಟ್ಟಿ ಸುಟ್ಟಿರಲಿಲ್ಲ. ಅಲ್ಲಿ ಅಂಗಿಯ ಬಟ್ಟೆ ಕೂಡ ಉಳಿದಿತ್ತು, ತಿಳಿನೀಲಿ. ಸೀಟು ಬೆಲ್ಟು ಬಿಗಿದಿದ್ದ ಜಾಗ ಅದು. ಆ ಪಟ್ಟಿಯ ಕೆಳಗೆ ಚರ್ಮ ಬಿಡಿಸಿದರೆ ಮಾಂಸದೊಳಗೆ ರಕ್ತ ಇಂಗಿತ್ತು. ಎರಡು ಪಕ್ಕೆಲುಬು ಮುರಿದಿದ್ದವು. ಬಲ ಪಾದದ ಕೀಲು ಮುರಿದಿತ್ತು. ಹೃದಯ ಚೆನ್ನಾಗಿಯೇ ಇತ್ತು. ಪಿತ್ತಜನಕಾಂಗದಲ್ಲಿ ಸಣ್ಣ ಸೀಳು, ಸಾಯುವಂಥದ್ದಲ್ಲ. ಕುತ್ತಿಗೆಯ ಮುಂಭಾಗದಲ್ಲಿ ಹಿಸುಕಿದ ಗುರುತಿಲ್ಲ. ರಕ್ತವನ್ನು, ಅಂಗಗಳ ತುಣುಕುಗಳನ್ನು ಪ್ರಯೋಗಾಲಯಕ್ಕೆಂದು ಬಾಟಲಿಗಳಲ್ಲಿ ತುಂಬಿಸಿ ಮುದ್ರೆ ಹಾಕಿಸಿದೆ.

ಅಲ್ಲಿಗೆ ನಿಯಮದ ಪ್ರಕಾರ ಪರೀಕ್ಷೆ ಮುಗಿಯಿತು. ಇವರು ಯಾವುದರಿಂದ ಸಾಯಲಿಲ್ಲ ಎಂಬುದೆಲ್ಲ ಗೊತ್ತಾಗಿತ್ತು. ಯಾವುದರಿಂದ ಸತ್ತರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಡಿಎನ್ಎ ಪರೀಕ್ಷೆಗೆ ರಕ್ತ ಕೊಡಲು ತಂಗಿ ಬಂದಳು. ಹಸಿ ಬಾಳಂತಿ. ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎದೆಗೊತ್ತಿಕೊಂಡು ಬಂದಿದ್ದಳು. ಅಣ್ಣನ ಕಡೆಯವರು ಅಂಗಳದ ಒಂದು ಬದಿಗೆ ನಿಂತಿದ್ದರು, ಅವಳು ಬಂದಾಗ ಯಾರೂ ಮಾತಾಡಿಸಲಿಲ್ಲ. ಕೂಸನ್ನು ನರ್ಸಿನ ಕೈಗೆ ಕೊಡಿಸಿ ಅವಳನ್ನು ಕೂರಿಸಿದೆ. ಸೂಜಿ ಚುಚ್ಚಿದಾಗ ಅವಳಿಗೆ ಗೊತ್ತೇ ಆಗಲಿಲ್ಲ.

"ಅವ್ರನ್ನ ಕಳ್ಸದ್ದ್ ನಾನೇ ಅಮ್ಮಾ," ಅಂದಳು.

"ಯಾರನ್ನ?"

"ಇವ್ರನ್ನ. ಅಣ್ಣಯ್ಯ ಮೊದಲ್ನೇ ಸಲ ನಮ್ಮನಿಗೆ ಬಂದದ್ದ್. ಶಿಶೂನ ಎತ್ಕಂಡ್ ಸುಮಾರ್ ಹೊತ್ತ್ ಕೂಕಂಡಿದ್ರ್. ಆಮೇಲೆ ಇಬ್ರೂ ಹೊರ್ಗೆ ಹೋಯಿ ಮಾತಿಗ್ ಮಾತ್ ಬೆಳ್ಸ್ಕಂಡ್ರ್. ಬಾಳಂತನಕ್ಕೆ ಮನಿಗ್ ಕರ್ಕಂಡ್ ಹೋತೆ ಅಂದ್ರ್ ಅಣ್ಣಯ್ಯ. ಇಷ್ಟ್ ದಿನ ಎಲ್ಲಿದ್ರಿ ಅಂದ್ರ್ ಇವ್ರ್. ಅಣ್ಣಯ್ಯ ಸಿಟ್ಟಂಗೆ ಕಾರ್ ಹತ್ತಿ ಹೊರ್ಟ್ರ್. ಒಂದ್ ಲೋಟ ನೀರೂ ಕುಡ್ದಿರ್ಲಿಲ್ಲ. ಹೋಯಿ ಕರ್ಕಂಡ್ ಬನ್ನಿ ಅಂತ ಇವ್ರನ್ನ ಹಿಂದಿಂದೇ ಓಡ್ಸದ್ದ್ ನಾನೇ."

"ಪೊಲೀಸ್ರಿಗೆ ಹೇಳ್ದ್ಯಾ?"

"ಹೇಳ್ದೆ. ಹೆಂಡ್ತಿ ಅಲ್ದಾ, ಹಾಂಗೇ ಹೇಳತ್ ಅಂದ್ರ್."

ತೋಳಿಗೆ ಹತ್ತಿ ಒತ್ತಿ ಹಿಡಿದುಕೊಳ್ಳಲು ಹೇಳಿದೆ. ಅವಳು ಹತ್ತಿಯನ್ನೇ ನೋಡುತ್ತ, "ಒಂದ್ ಬದಿಗೆ ಅಣ್ಣಯ್ಯ, ಒಂದ್ ಬದಿಗೆ ಇವ್ರ್. ಯಾರಿಗಂತ ಅಳುದ್ ಅಮ್ಮಾ ನಾನ್?" ಅಂದಳು.

ಅವಳು ಹೇಳಿದ್ದು ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಒಂದು ಸ್ಪಷ್ಟವಾಯಿತು: "ಬೆಂಕಿಗೆ ಮೊದಲೇ ಸಾವು" ಎಂಬ ನನ್ನ ಅರ್ಧ ಮಾತು ಇನ್ನರ್ಧವಿಲ್ಲದೆ ಹೊರಗೆ ಹೋದರೆ ಅದು ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸುತ್ತದೆ.

ಹೊರಗೆ ಒತ್ತಡ ಬೆಳೆಯುತ್ತಿತ್ತು. ಶವ ಕೊಡಿ, ಸಂಜೆಯೊಳಗೆ ದಹನ ಆಗಬೇಕು ಎಂದು ಮನೆಯವರು. ಮೇಲಧಿಕಾರಿಗಳಿಗೆ ಫೋನು ಮಾಡಿದೆ.

"ಪ್ರಯೋಗಾಲಯದ ವರದಿ ಬರುವವರೆಗೆ ಅಭಿಪ್ರಾಯ ಕಾದಿರಿಸಿದೆ ಅಂತ ಬರೆದು ಕೊಟ್ಟುಬಿಡಿ. ತಪ್ಪೇನಿಲ್ಲ," ಅಂದರು.

"ತಪ್ಪಿಲ್ಲ ಸರ್. ಆದರೆ ಸಂಜೆಗೆ ಸುಟ್ಟುಬಿಡುತ್ತಾರೆ. ನಾನು ಕುತ್ತಿಗೆಯನ್ನು ಹಿಂದಿನಿಂದ ನೋಡಿಲ್ಲ. ವರದಿ ಬರುವ ಹೊತ್ತಿಗೆ ನೋಡಲಿಕ್ಕೆ ಕುತ್ತಿಗೆಯೇ ಇರುವುದಿಲ್ಲ."

ಸಾಮಾನ್ಯ ಶವಪರೀಕ್ಷೆಯಲ್ಲಿ ಕುತ್ತಿಗೆಯನ್ನು ಮುಂದಿನಿಂದ ಬಿಡಿಸುತ್ತೇವೆ. ಹಿಂದಿನಿಂದ ಬಿಡಿಸುವುದು ಬೇರೆಯೇ ಕೆಲಸ. ಶವವನ್ನು ಬೋರಲು ಮಾಡಬೇಕು, ಪದರ ಪದರವಾಗಿ ಆಳಕ್ಕಿಳಿಯಬೇಕು, ತಾಳ್ಮೆ ಬೇಕು. ಬುರುಡೆಯ ತಳದಲ್ಲಿ ಕಂಡ ಆ ಸ್ವಲ್ಪ ರಕ್ತ ನನ್ನ ತಲೆಯಿಂದ ಹೋಗಿರಲಿಲ್ಲ. ಮೇಲಧಿಕಾರಿಗಳು, "ನಿಮ್ಮ ನಿರ್ಧಾರ," ಎಂದು ಫೋನು ಇಟ್ಟರು. ಸರಿ, ನನ್ನದೇ. ಶವ ಇವತ್ತು ಕೊಡುವುದಿಲ್ಲ ಎಂದು ತೀರ್ಮಾನಿಸಿದೆ.

ಅದನ್ನು ಬೇರೆಯವರ ಬಾಯಲ್ಲಿ ಹೇಳಿಸುವುದು ಸರಿಯಲ್ಲವೆಂದು ಮೃತನ ಹೆಂಡತಿಯ ಹತ್ತಿರ ನಾನೇ ಹೋದೆ. ಬೈಂದೂರಿನ ಕಡೆಯ ಹೆಣ್ಣುಮಗಳು. ಮೊಗಸಾಲೆಯ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಅತ್ತು ಮುಗಿದಿತ್ತು.

"ಇನ್ನೂ ಎಂತ ಕೊಯ್ಕ್ ನಿಮ್ಗೆ? ಸುಟ್ಟದ್ದ್ ಸಾಲ್ದಾ?" ಅಂದರು.

"ಹ್ಯಾಂಗ್ ಸತ್ರ್ ಅಂತ ನಂಗಿನ್ನೂ ಗೊತ್ತಾಯ್ಲಿಲ್ಲ. ಈಗ ಕೊಟ್ರೆ ಮತ್ತೆ ಯಾವತ್ತೂ ಗೊತ್ತಾತಿಲ್ಲ. ನಾಳೆ ಕೊಡ್ತೆ, ಗೊತ್ತ್ ಮಾಡ್ಕಂಡ್ ಕೊಡ್ತೆ."

ಅವರ ಅಣ್ಣ ಬಾಯಿ ತೆಗೆದ. ಅವರು ಕೈಯೆತ್ತಿ ತಡೆದರು. "ನಾಳೆ ಮಧ್ಯಾಹ್ನದೊಳ್ಗೆ ಕೊಡ್ಕ್," ಅಂದರು ನನಗೆ. ಒಪ್ಪಿದೆ.

ಸಂಜೆ ಬೆಳಕಿರುವಾಗಲೇ ಕಾರು ನೋಡಲು ಹೋದೆ. ಠಾಣೆಯ ಹಿಂದೆ ತಂದು ನಿಲ್ಲಿಸಿದ್ದರು. ಮುಂಭಾಗ ಹಿಂದಕ್ಕೆ ಒತ್ತಿಕೊಂಡು ಇಂಜಿನ್ ಜಾಗವೆಲ್ಲ ಬೂದಿ. ಹಿಂದೆ ಹೋದಷ್ಟೂ ಸುಟ್ಟದ್ದು ಕಡಿಮೆ, ಡಿಕ್ಕಿಯೊಳಗಿನ ಹಲಸಿನ ಹಪ್ಪಳದ ಕಟ್ಟು ಹಾಗೇ ಇತ್ತು. ವಾಹನ ತಪಾಸಣೆಯ ಅಧಿಕಾರಿ ಬಗ್ಗಿ ತೋರಿಸಿದರು: ಪೆಟ್ರೋಲಿನ ಕೊಳವೆ ಗುದ್ದಿದ ಏಟಿಗೆ ಕಿತ್ತುಬಂದು ಬಿಸಿ ಸೈಲೆನ್ಸರ್ ಕೊಳವೆಯ ಮೇಲೆಯೇ ಬಿದ್ದಿತ್ತು. ಒಳಗೆ ಯಾರಾದರೂ ಪೆಟ್ರೋಲು ಸುರಿದಿದ್ದರೆ ಸೀಟಿನ ಕೆಳಗೆ, ಪಾದದ ಜಾಗದಲ್ಲಿ ಹೆಚ್ಚು ಸುಡಬೇಕಿತ್ತು, ಹಾಗಿರಲಿಲ್ಲ. ಆದರೂ ಅಲ್ಲಿಯ ಬೂದಿಯನ್ನು ಪರೀಕ್ಷೆಗೆಂದು ಡಬ್ಬಿಗೆ ತುಂಬಿಸಿದ್ದರು. ಚಾಲಕನ ಬೆಲ್ಟಿನ ಲೋಹದ ನಾಲಗೆ ಕೊಂಡಿಯೊಳಗೆ ಸಿಕ್ಕಿಕೊಂಡೇ ಇತ್ತು. ಚಾಲಕನ ಬಾಗಿಲು ನುಗ್ಗುನುರಿಯಾಗಿ ಕಚ್ಚಿಕೊಂಡಿತ್ತು. ಅದರ ಕಿಟಕಿಯ ಕಬ್ಬಿಣದ ಚೌಕಟ್ಟಿಗೆ ಏನೋ ತೆಳ್ಳಗೆ ಒಣಗಿ ಅಂಟಿತ್ತು. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಚರ್ಮದ ಸಿಪ್ಪೆ.

ಅಲ್ಲಿಂದ ನೇರ ವಾರ್ಡಿಗೆ ಹೋದೆ. ತಂಗಿಯ ಗಂಡ ಮಂಚದ ಮೇಲೆ ಕೂತಿದ್ದ, ಪಕ್ಕದಲ್ಲಿ ಪೇದೆ. ಪರೀಕ್ಷೆಗೆ ಇನ್ಸ್‌ಪೆಕ್ಟರೇ ಪತ್ರ ಕೊಟ್ಟಿದ್ದರು.

"ನಾನ್ ಯಾರ್ ಬದಿಯವ್ಳೂ ಅಲ್ಲ. ನಿನ್ ಕೈ ಕಾಣ್ಕ್, ಒಪ್ಗಿ ಇತ್ತಾ?" ಅಂದೆ. ತಲೆಯಾಡಿಸಿದ. ಬ್ಯಾಂಡೇಜು ಬದಲಿಸುವ ಹೊತ್ತೇ ಆಗಿತ್ತು.

ಪೆಟ್ರೋಲು ಸುರಿದು ಕಡ್ಡಿ ಗೀರಿದವನ ಮೈ ಹೇಗಿರುತ್ತದೆ ಎಂದು ನನಗೆ ಗೊತ್ತು. ಆವಿ ಒಮ್ಮೆಲೇ ಭಗ್ಗೆಂದು ಮುಖಕ್ಕೆ ಬರುತ್ತದೆ. ಹುಬ್ಬು, ರೆಪ್ಪೆ, ಮುಂದಲೆಯ ಕೂದಲು ಕರಟುತ್ತವೆ. ಕೈಯ ಹಿಂಭಾಗ ಸುಡುತ್ತದೆ. ಇವನ ಹುಬ್ಬು ರೆಪ್ಪೆ ಹಾಗೇ ಇದ್ದವು. ಕೈಯ ಹಿಂಭಾಗದ ರೋಮ ಕೂಡ ಕರಟಿರಲಿಲ್ಲ. ಸುಟ್ಟದ್ದು ಅಂಗೈ ಮತ್ತು ಬೆರಳುಗಳ ಒಳಭಾಗ. ನಾಲ್ಕೂ ಬೆರಳಿಗೆ ಅಡ್ಡವಾಗಿ ಒಂದು ಆಳದ ಪಟ್ಟಿ, ಎರಡೂ ಕೈಯಲ್ಲಿ. ಕಾದ ಕಬ್ಬಿಣವನ್ನು ಹಿಡಿದು, ಬಿಡದೆ ಎಳೆದ ಕೈ. ಪಟ್ಟಿಯ ಅಗಲವನ್ನು ಅಳೆದುಕೊಂಡೆ. ಕಾರಿನ ಕಿಟಕಿಯ ಚೌಕಟ್ಟಿನದ್ದನ್ನು ಮೊದಲೇ ಅಳೆದಿದ್ದೆ, ಎರಡೂ ಒಂದೇ.

"ಬಾಗ್ಲ್ ತೆಗುಕೇ ಬರ್ಲಿಲ್ಲ," ಅಂದ, ನಾನು ಕೇಳದಿದ್ದರೂ. "ಗ್ಲಾಸ್ ಒಡ್ದ್ ಹೋಯಿತ್ತ್. ಕಿಟ್ಕಿ ಹಿಡ್ದ್ ಎಳ್ದೆ. ಭಾವಾ, ಭಾವಾ ಅಂತ ಕೂಗ್ದೆ. ಡಾಕ್ಟ್ರೆ, ನಾನ್ ಕೂಗದ್ದ್ ಅವ್ರಿಗೆ ಕೇಂತಿತ್ತಾ? ಅದ್ರೊಳ್ಗೆ ಉರಿತಾ ಇದ್ದ್ಕಂಡೂ ಕೇಂತಿತ್ತಾ?"

ಬೆಂಕಿಗೆ ಮೊದಲೇ ಸತ್ತಿದ್ದರು ಎಂದು ನನಗೆ ಆಗಲೇ ಗೊತ್ತಿತ್ತು. ಆದರೆ ಪೇದೆ ಪಕ್ಕದಲ್ಲಿದ್ದ, ತನಿಖೆ ಅರ್ಧದಲ್ಲಿತ್ತು. "ನಾಳೆ ಹೇಳ್ತೆ," ಎಂದಷ್ಟೇ ಹೇಳಿ ಎದ್ದೆ. ಅವನಿಗೆ ಹೇಳದೆ ಮೆಟ್ಟಿಲಿಳಿಯುವುದು ಕಷ್ಟವಾಯಿತು.

ಮರುದಿನ ಬೆಳಿಗ್ಗೆ ಮೊದಲು ಕುತ್ತಿಗೆಯ ಎಕ್ಸ್‌ರೇ ತೆಗೆಸಿದೆ. ಮಡಚಿದ ತೋಳುಗಳು ಅಡ್ಡ ಬಂದು ಚಿತ್ರ ಚೆನ್ನಾಗಿ ಬರಲಿಲ್ಲ. ಮತ್ತೊಮ್ಮೆ ತೆಗೆಸಿದೆ, ಅದೂ ಮಸುಕು. ಸರಿ, ಕಣ್ಣಿನಿಂದಲೇ ನೋಡುವುದೆಂದು ಸಹಾಯಕನೊಡನೆ ಶವವನ್ನು ಬೋರಲು ಮಾಡಿಸಿದೆ. ಇನ್ಸ್‌ಪೆಕ್ಟರನ್ನೂ ಒಳಗೇ ನಿಲ್ಲಿಸಿಕೊಂಡೆ. ನೋಡದವರಿಗೆ ಆಮೇಲೆ ಎಷ್ಟು ವಿವರಿಸಿದರೂ ನಂಬಿಸುವುದು ಕಷ್ಟ.

ಹೊರಗಿನ ಚರ್ಮ ಸುಟ್ಟಿತ್ತು. ಅದರ ಕೆಳಗಿನ ಮೊದಲ ಪದರ ಬೆಂದ ಮಾಂಸದಂತೆ ಬಿಳಿಚಿತ್ತು. ಎರಡನೆಯದು ಮಾಮೂಲು. ಅದರ ಕೆಳಗೆ, ಬೆಂಕಿಯ ಬಿಸಿ ತಲುಪದ ಆಳದಲ್ಲಿ, ಸಣ್ಣ ಸ್ನಾಯುಗಳ ತುಂಬ ಕಪ್ಪು ರಕ್ತ ಕಟ್ಟಿತ್ತು. ನೀರು ಬಿಟ್ಟು ತೊಳೆದೆ, ಹೋಗಲಿಲ್ಲ. ಸತ್ತ ಮೇಲೆ ಒಸರಿದ ರಕ್ತ ತೊಳೆದರೆ ಹೋಗುತ್ತದೆ. ಇದು ಹೃದಯ ಬಡಿಯುತ್ತಿದ್ದಾಗ ಮಾಂಸದ ಎಳೆಯೆಳೆಯೊಳಗೆ ನುಗ್ಗಿದ ರಕ್ತ. ಇನ್ನೂ ಒಳಗೆ ಹೋದೆ. ಬುರುಡೆ ಬೆನ್ನುಮೂಳೆಯ ಮೇಲೆ ಕೂರುವ ಜಾಗ. ಎರಡನ್ನೂ ಬಿಗಿದಿಡುವ ಪಟ್ಟಿಗಳು ಹರಿದಿದ್ದವು. ನನ್ನ ಬೆರಳ ತುದಿ ನಡುವೆ ಸಲೀಸಾಗಿ ಹೋಯಿತು. ಅಲ್ಲಿಯೇ ಹಾದುಹೋಗುವ, ಉಸಿರನ್ನು ನಡೆಸುವ ನರದ ಕಾಂಡ ಹಿಸಿದುಹೋಗಿತ್ತು.

ಕೈ ಹಿಂದೆಗೆದು ನೇರ ನಿಂತೆ. "ಇದೇ," ಅಂದೆ.

ಇನ್ಸ್‌ಪೆಕ್ಟರು ತುಂಬ ಹೊತ್ತು ನೋಡಿದರು. ಆಮೇಲೆ ಕೇಳಬೇಕಾದದ್ದನ್ನೇ ಕೇಳಿದರು. "ಬೇರೆ ಕಡೆ ಕುತ್ತಿಗೆ ಮುರಿದು ಕಾರಿನಲ್ಲಿ ತಂದು ಕೂರಿಸಿರಬಹುದಲ್ವಾ?"

"ಕೂರಿಸಬಹುದು, ಬೆಲ್ಟೂ ಹಾಕಬಹುದು. ಆದರೆ ಹೆಣದ ಎದೆಯಲ್ಲಿ ಬೆಲ್ಟಿನ ಕೆಳಗೆ ರಕ್ತ ಇಂಗುವುದಿಲ್ಲ. ಕಾರು ಗುದ್ದಿದಾಗ ಇವರು ಜೀವಂತವಾಗಿದ್ದರು, ಬೆಲ್ಟು ಹಾಕಿಕೊಂಡಿದ್ದರು. ಬಲ ಪಾದದ ಕೀಲು ಮುರಿದದ್ದು ಬ್ರೇಕು ಒತ್ತಿದ್ದಾಗ. ಮೈಯನ್ನು ಬೆಲ್ಟು ಹಿಡಿಯಿತು, ತಲೆಯನ್ನು ಹಿಡಿಯುವವರಿರಲಿಲ್ಲ. ತಲೆ ಮುಂದಕ್ಕೆ ಹಾರಿ ಇಲ್ಲಿ ಕಳಚಿತು. ಉಸಿರು ಅಲ್ಲಿಗೇ ನಿಂತಿದೆ. ಬೆಂಕಿ ಹತ್ತಿದ್ದು ಆಮೇಲೆ. ಅದಕ್ಕೇ ಮಸಿಯಿಲ್ಲ."

"ಅವನ ಕೈ?"

ಅಳತೆಗಳನ್ನು ತೋರಿಸಿದೆ. "ಎಳೆಯಲಿಕ್ಕೆ ನೋಡಿದವನ ಕೈ."

ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. "ಇವತ್ತೇ ಬಂಧಿಸುವುದರಲ್ಲಿದ್ದೆ ಮೇಡಂ," ಎಂದಷ್ಟೇ ಹೇಳಿದರು. ಒಳ್ಳೆಯ ಅಧಿಕಾರಿ, ಹೊರಗೆ ಹೋಗಿ ಮಾಡಿದ ಮೊದಲ ಫೋನು ವಾರ್ಡಿನ ಪೇದೆಗೆ.

ಎಷ್ಟೋ ವಾರ ಕಳೆದ ಮೇಲೆ ವರದಿಗಳು ಒಂದೊಂದಾಗಿ ಬಂದವು. ರಕ್ತದಲ್ಲಿ ಹೊಗೆಯ ವಿಷವಿರಲಿಲ್ಲ. ಕಾರಿನೊಳಗಿನ ಬೂದಿಯಲ್ಲಿ ಪೆಟ್ರೋಲಿನ ಕುರುಹಿರಲಿಲ್ಲ. ಡಿಎನ್ಎ ಹೊಂದಿತು. ಕಿಟಕಿಯ ಚೌಕಟ್ಟಿನ ಚರ್ಮ ತಂಗಿಯ ಗಂಡನದ್ದೇ. ನನ್ನ ಅಭಿಪ್ರಾಯದಲ್ಲಿ ಒಂದು ಪದವನ್ನೂ ಬದಲಿಸಬೇಕಾಗಲಿಲ್ಲ. ಆ ತಿರುವಿನಲ್ಲಿ ಕಾರು ಯಾಕೆ ರಸ್ತೆ ಬಿಟ್ಟಿತು ಎಂಬುದನ್ನು ಮಾತ್ರ ನಾನು ಹೇಳಲಾರೆ. ಸಿಟ್ಟಿರಬಹುದು, ಎದುರಿನ ಬಿಸಿಲಿರಬಹುದು. ಅದು ಮೈಯೊಳಗೆ ಸಿಗುವ ಸಂಗತಿಯಲ್ಲ.

ಆ ದಿನ ಮಧ್ಯಾಹ್ನಕ್ಕೆ ಮೊದಲೇ ಮೃತನ ಹೆಂಡತಿಯನ್ನು ಕರೆಸಿ, ಇನ್ಸ್‌ಪೆಕ್ಟರ ಎದುರಿಗೆ ಎಲ್ಲವನ್ನೂ ಹೇಳಿದೆ. ಕೊಲೆ, ತನಿಖೆ ಯಾವುದರ ಬಗ್ಗೆಯೂ ಅವರು ಕೇಳಲಿಲ್ಲ.

"ಅವ್ರಿಗೆ ಬೆಂಕಿ ಗೊತ್ತಾಯ್ತಾ?" ಅಂದರು.

"ಇಲ್ಲ. ಬೆಂಕಿ ಬಪ್ಪುಕ್ ಮೊದ್ಲೇ ಹೋಯಾಗಿತ್ತ್. ಎಂತದೂ ಗೊತ್ತಾಯ್ಲಿಲ್ಲ."

"ನಂಗೆ ಸಮಾಧಾನಕ್ಕಂತ ಹೇಳುದಲ್ಲ ಅಲ್ದಾ?"

"ಅಲ್ಲ. ಕಂಡ್ ಹೇಳುದ್."

ಆಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು, ಮೊದಲ ಸಲ ಜೋರಾಗಿ. ಅಳು ನಿಂತ ಮೇಲೆ ಕಿಟಕಿಯ ಆಚೆ ನೋಡಿದರು. ಅಂಗಳದ ಕೊನೆಯಲ್ಲಿ ಗೋಡೆಗೊರಗಿ ನಾದಿನಿ ಕೂಸಿನೊಂದಿಗೆ ನಿಂತಿದ್ದಳು. ಪಕ್ಕದಲ್ಲಿ, ವಾರ್ಡಿನಿಂದ ಇಳಿದು ಬಂದ ಅವಳ ಗಂಡ. ಅವನಿಗೆ ನಾನು ಆಗಷ್ಟೇ ಹೇಳಿ ಬಂದಿದ್ದೆ, ಭಾವನಿಗೆ ಏನೂ ಕೇಳಿಸಿರಲಿಲ್ಲ ಎಂದು. ಅವನು, "ಹಂಗಾರೆ ನಾನ್ ವಾಪಸ್ ಕರಿಯುಕ್ ಬಂದದ್ದ್ ಅವ್ರಿಗೆ ಗೊತ್ತೇ ಆಯ್ಲಿಲ್ಲ," ಅಂದಿದ್ದ. ನೋವು ಇಳಿಯಿತೋ ಹೆಚ್ಚಾಯಿತೋ ಅವನ ಮುಖದಲ್ಲಿ ತಿಳಿಯಲಿಲ್ಲ.

ಶವವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಸಿ ಹೊರಗೆ ತಂದೆವು. ಆಂಬುಲೆನ್ಸಿನ ಬಾಗಿಲು ತೆರೆದಿತ್ತು. ಮೃತನ ಹೆಂಡತಿ ಯಾರನ್ನೂ ನೋಡದೆ ಅಂಗಳ ದಾಟಿ ನಾದಿನಿಯ ಎದುರು ನಿಂತರು. ಕೂಸನ್ನು ಕೈಚಾಚಿ ತೆಗೆದುಕೊಂಡರು.

"ನಿನ್ನ ಗಂಡನಿಗೆ ಹೇಳ್," ಅಂದರು. "ಮನಿಗ್ ಬರ್ಲಿ. ಕೈ ಆಗ್ದಿರೆ ಹೆಗ್ಲ್ ಕೊಡ್ಲಿ."

ಅವನು ತನ್ನ ಬ್ಯಾಂಡೇಜುಗಳನ್ನು ನೋಡಿಕೊಂಡು ಅಲ್ಲೇ ನಿಂತ. ಗಾಡಿ ಹತ್ತಲು ಹಿಡಿದುಕೊಳ್ಳಲಾರದ ಅವನನ್ನು, ಹಿಂದಿನ ದಿನ ಬಾಗಿಲಲ್ಲಿ ಕೂಗಿದ್ದ ಆ ಅಣ್ಣನೇ ಹೋಗಿ ತೋಳು ಹಿಡಿದು ಹತ್ತಿಸಿದ. ಹಾಲಾಡಿಯ ಆ ಮನೆಯ ಅಂಗಳಕ್ಕೆ ಅವನು ಮೊದಲ ಸಲ ಹೊರಟಿದ್ದ.